ಅಕ್ಕನ ಕೂಗಳತೆ

ಅಜ್ಜಂಪುರದಲ್ಲಿ ನನ್ನ ರಿಪೇರಿ ಅಂಗಡಿಗೂ ನಾವಿದ್ದ ಮನೆಗೂ ನಡುವೆ ಎರಡು ತೆಂಗಿನ ತೋಟಗಳಿದ್ದವು. ದೂರ ಎಷ್ಟೆಂದು ಕೇಳಿದರೆ ನಾನು ಮೀಟರಿನಲ್ಲಿ ಹೇಳಬಲ್ಲೆ, ಟೇಪು ಹಿಡಿದು ಅಳೆದವಳು ನಾನೇ. ಅಕ್ಕನಿಗೆ ಮೀಟರಿನ ಗೊಡವೆ ಇರಲಿಲ್ಲ. ಅವಳ ಪಾಲಿಗೆ ಅದು ಒಂದು ಕೂಗಳತೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಿತ್ತಲ ಒಗೆಯುವ ಕಲ್ಲಿನ ಮೇಲೆ ನಿಂತು, "ಲೇ ಕೂಸೇ, ಊಟಕ್ ಬಾರೇ!" ಎಂದು ಒಂದೇ ಒಂದು ಸಲ ಕೂಗಿದರೆ ಸಾಕು, ಎರಡು ತೋಟ ದಾಟಿ ನನ್ನ ಮೇಜಿನ ಮೇಲೆ ಬಂದು ಬೀಳುತ್ತಿತ್ತು. ಮೋಟಾರ್ ಸ್ಟಾರ್ಟರ್ ರಿಪೇರಿಗೆಂದು ಬಂದು ಕೂತ ಗಂಡಸರು ಮುಸಿಮುಸಿ ನಗುತ್ತಿದ್ದರು. ಐವತ್ತರ ಅಂಚಿನ ಹೆಂಗಸು, ಮೂಗಿನ ಮೇಲೆ ಕನ್ನಡಕ, ಕೈಯಲ್ಲಿ ಕಾದ ಸೋಲ್ಡರಿಂಗ್ ಕಡ್ಡಿ. ಅಂಥವಳನ್ನು ಊರಿಗೆಲ್ಲ ಕೇಳುವ ಹಾಗೆ ಕೂಸೇ ಎಂದರೆ ಅವರಾದರೂ ನಗದೆ ಏನು ಮಾಡಿಯಾರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಕಡ್ಡಿ ಕೆಳಗಿಟ್ಟು ಬಾಗಿಲಿಗೆ ಬಂದು "ಓ" ಎನ್ನಲೇಬೇಕಿತ್ತು.

ಆ "ಓ" ನಮ್ಮ ಮನೆಯಲ್ಲಿ ಸಣ್ಣ ವಿಷಯವಲ್ಲ. ನಾವು ಯಗಟಿ ಕಡೆಯವರು. ರಾಗಿ ಹೊಲ, ಒಂದಿಷ್ಟು ತೆಂಗು, ಕುರಿ. ಕುರಿ ಮೇಯಿಸುವಾಗ ದಿಣ್ಣೆಯ ಆಚೆ ಒಬ್ಬರು, ಈಚೆ ಒಬ್ಬರು. ಮುಖ ಕಾಣುವುದಿಲ್ಲ, ದನಿಯೊಂದೇ ಆಧಾರ. ಹಾಗಾಗಿ ಕೂಗಿಗೊಂದು ಕಟ್ಟುಪಾಡು ಇತ್ತು. ಕೂಗಿಗೆ ಓ ಎಂದವರು ಕೈಯಲ್ಲಿದ್ದದ್ದನ್ನು ಬಿಟ್ಟು ಹೊರಡಬೇಕು. ಓ ಕೇಳಿಸಿಕೊಂಡವರು ಮತ್ತೆ ಕೂಗಬಾರದು. ಮತ್ತೆ ಕೂಗಿದರೆ, ನಿನ್ನ ಓಗೆ ಬೆಲೆ ಇಲ್ಲ ಎಂದು ನಾಲ್ಕು ಜನರ ಮುಂದೆ ಸಾರಿದ ಹಾಗೆ. ನನಗೆ ಏಳು ವರ್ಷವಿದ್ದಾಗ ಹುಣಸೆ ಮರದಡಿ ಕಲ್ಲಾಟ ಆಡುತ್ತಿದ್ದವಳು ಓ ಎಂದು ಅಲ್ಲೇ ಕೂತುಬಿಟ್ಟೆ. ಅಕ್ಕ ಎರಡನೆಯ ಸಲ ಕೂಗಲಿಲ್ಲ. ಕಾದಳು, ಕಾದಳು, ಆಮೇಲೆ ಹುಣಸೆಯ ಬರಲೊಂದನ್ನು ಹಿಡಿದು ನಡೆದೇ ಬಂದಳು. "ಬರಲ್ಲ ಅನ್ನೋದಾದ್ರೆ ಸುಮ್ನಿರು. ಓ ಅಂದ್ಬಿಟ್ಟು ಬರ್ದೆ ಇದ್ರೆ ಸುಳ್ಳಿಗಿಂತ ದೊಡ್ಡ ಸುಳ್ಳು ಕಣೇ ಅದು" ಎಂದು ಮೀನಖಂಡದ ಮೇಲೆ ಎರಡು ಬಾರಿಸಿದಳು. ಅವಳಿಗಾದರೂ ಆಗ ಎಷ್ಟು ವಯಸ್ಸು, ಹದಿನೆಂಟು. ಅಮ್ಮ ಹೋಗಿ ವರ್ಷವಾಗಿತ್ತು. ಹೊಡೆದು, ತಾನೇ ಅತ್ತು, ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮನೆಗೆ ಬಂದಳು.

ಅಪ್ಪ ಇದ್ದರು. ಇದ್ದರು ಅಷ್ಟೆ. ನನ್ನನ್ನು ಸಾಕಿದವಳು ಅಕ್ಕ. ಅವಳನ್ನು ತರೀಕೆರೆ ಹತ್ತಿರದ ಒಂದು ಊರಿಗೆ ಕೊಟ್ಟರು. ಮೂರನೆಯ ವರ್ಷಕ್ಕೆ ಭಾವ ತೀರಿಕೊಂಡರು, ಅಕ್ಕ ವಾಪಸು ಬಂದಳು. ಬಂದವಳು ಮೂಲೆ ಸೇರಲಿಲ್ಲ. ಮತ್ತೆ ಕುರಿ ಹೊಡೆದುಕೊಂಡು ಹೊರಟಳು, ನನ್ನನ್ನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾಕ್ಕೆ ಸೇರಿಸಿದಳು. "ಹೆಣ್ ಹುಡ್ಗಿ ವೈರು ಹಿಡ್ಕಂಡು ಏನ್ ಮಾಡ್ತಾಳೆ?" ಎಂದ ನೆಂಟರಿಗೆ "ನಿಮ್ಮನೆ ರೇಡಿಯೋ ಕೆಟ್ಟಾಗ ಬನ್ನಿ, ಹೇಳ್ತಾಳೆ" ಎಂದಳಂತೆ. ನಾನು ಅಜ್ಜಂಪುರದಲ್ಲಿ ಅಂಗಡಿ ಹಾಕಿದಾಗ ಜೊತೆಗೇ ಬಂದಳು. ನಾನು ಮದುವೆಯಾಗಲಿಲ್ಲ. ಯಾಕೆಂದು ಕೇಳುವವರಿಗೆ ಕೊಡುವ ಉತ್ತರ ಇಲ್ಲಿ ಬರೆಯುವಂಥದ್ದಲ್ಲ. ನಾವಿಬ್ಬರೇ ಇದ್ದೆವು, ಜಗಳವಾಡಿಕೊಂಡು, ಚೆನ್ನಾಗಿಯೇ ಇದ್ದೆವು.

ಒಂದು ಬೆಳಿಗ್ಗೆ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದವಳು ಹಾಗೇ ಗೋಡೆಗೆ ಒರಗಿದಳು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಹೋದವು. ಆಸ್ಪತ್ರೆಯಿಂದ ಹದಿನೈದು ದಿನಕ್ಕೆ ಮನೆಗೆ ಕರೆತಂದಾಗ ಮಾತು ಕೂಡ ಇರಲಿಲ್ಲ. ಬುದ್ಧಿ ಮೊದಲಿನಷ್ಟೇ ಚುರುಕು. ಹೇಳಿದ್ದೆಲ್ಲ ತಿಳಿಯುತ್ತಿತ್ತು, ನಾನು ಸಾರಿಗೆ ಉಪ್ಪು ಹೆಚ್ಚು ಹಾಕಿದರೆ ಹುಬ್ಬು ಮೊದಲಿನ ಹಾಗೆಯೇ ಮೇಲೇರುತ್ತಿತ್ತು. ಬಾಯಿಂದ ಮಾತ್ರ "ಅಂ" ಎನ್ನುವ ಒಂದು ದನಿ. ಎರಡು ತೋಟ ದಾಟುತ್ತಿದ್ದ ಗಂಟಲಿನಲ್ಲಿ ಉಳಿದದ್ದು ಅಷ್ಟು. ಅದು ಪಕ್ಕದ ಕೋಣೆಗೂ ಸರಿಯಾಗಿ ಕೇಳುತ್ತಿರಲಿಲ್ಲ. ನಾನು ಅಡುಗೆಮನೆಯ ಹೊಗೆಯ ನೆಪ ಮಾಡಿಕೊಂಡು ಎಷ್ಟು ಸಲ ಅತ್ತಿದ್ದೇನೋ ಲೆಕ್ಕವಿಲ್ಲ.

ಅಂಗಡಿ ಮುಚ್ಚಿ ಕೂತರೆ ನಡೆಯುವುದಿಲ್ಲ. ಬಿಟ್ಟು ಹೋದರೆ ಇವಳು ಕರೆಯುವುದು ಹೇಗೆ? ಫೋನು ಕೊಟ್ಟು ನೋಡಿದೆ. ಎಡಗೈಯ ಬೆರಳು ಗಾಜಿನ ಮೇಲೆ ಜಾರಿ ಕರೆ ಯಾರಿಗೋ ಹೋಗುತ್ತಿತ್ತು. ಯಗಟಿಯ ಮಾವನಿಗೆ ಒಂದೇ ದಿನ ಮೂರು ಸಲ ಹೋಯಿತು. ಅವರು "ಹಲೋ, ಯಾರಪ್ಪಾ? ಬಾಯಿಲ್ವೇನೋ ನಿಂಗೆ?" ಎಂದು ಬೈದು ಇಟ್ಟರು. ಅವರಿಗೇನು ಗೊತ್ತು ಪಾಪ. ಅವತ್ತು ಅಕ್ಕ ಫೋನನ್ನು ದಿಂಬಿನ ಕೆಳಗೆ ತಳ್ಳಿದವಳು ಮತ್ತೆ ಮುಟ್ಟಲಿಲ್ಲ.

ಆ ದಿನಗಳಲ್ಲಿ ನನ್ನ ಅಂಗಡಿಯಲ್ಲಿ ಒಂದು ಹೊಸ ಕೆಲಸ ಶುರುವಾಗಿತ್ತು. ತೋಟದ ಒಂದು ತುದಿಯಲ್ಲಿ ಬೋರ್‌ವೆಲ್, ಇನ್ನೊಂದು ತುದಿಯಲ್ಲಿ ಮನೆ. ನಡುವೆ ತಂತಿ ಎಳೆದರೆ ಇಲಿ ಕಡಿಯುತ್ತದೆ, ಗುದ್ದಲಿ ತಗಲುತ್ತದೆ. ಅದಕ್ಕೆ ನಾನು ತಂತಿಯಿಲ್ಲದ ಪೆಟ್ಟಿಗೆಗಳನ್ನು ಮಾಡಿಕೊಡುತ್ತಿದ್ದೆ. ಒಳಗೆ ಒಂದು ಮೈಕ್ರೋಕಂಟ್ರೋಲರ್, ಬೆರಳುದ್ದದ ಹಲಗೆ, ಬರೆದುಕೊಟ್ಟಷ್ಟನ್ನೇ ಮಾಡುವ ಸಾಧು ಪ್ರಾಣಿ. ಅದಕ್ಕೆ ಬಾಯಿಲ್ಲ, ಕಿವಿಯಿಲ್ಲ. ರೇಡಿಯೋ ಮಾಡ್ಯೂಲ್ ಎಂಬ ಇನ್ನೊಂದು ಪುಟ್ಟ ಹಲಗೆಯನ್ನು ಪಕ್ಕದಲ್ಲಿ ಬೆಸೆದರೆ ಎರಡೂ ಬರುತ್ತವೆ. ಈ ಕಡೆ ಒಂದು ಜೋಡಿ, ಆ ಕಡೆ ಒಂದು ಜೋಡಿ. ಇಲ್ಲಿ ಬಟನ್ ಒತ್ತಿದರೆ ಅಲ್ಲಿ ಮೋಟಾರು ಶುರುವಾಗುತ್ತದೆ. ಊರವರ ನೀರಿಗೆ ಆಗುವುದು ನನ್ನ ಅಕ್ಕನ ನೀರಿಗೆ ಯಾಕಾಗಬಾರದು ಎಂದು ಒಂದು ಭಾನುವಾರ ಕೂತೆ.

ಒಂದು ಭಾನುವಾರದಲ್ಲಿ ಮುಗಿಯಲಿಲ್ಲ, ಐದು ಬೇಕಾದವು. ಸುದ್ದಿ ಕಳಿಸುವ ಕ್ಷಣದಲ್ಲಿ ಮಾಡ್ಯೂಲಿಗೆ ಕರೆಂಟು ಸಾಲದೆ ಮಂಕಾಗುತ್ತಿತ್ತು. ಅದರ ಕಾಲಿಗೇ ಕರೆಂಟು ಕೂಡಿಟ್ಟುಕೊಳ್ಳುವ ಒಂದು ಕೆಪಾಸಿಟರ್ ಬೆಸೆದ ಮೇಲೆ ಸರಿಹೋಯಿತು. ಬಿಸಿಲಿನಲ್ಲಿ ಸುದ್ದಿ ದಾಟಿತು, ಮಳೆ ಬಂದ ದಿನ ದಾಟಲಿಲ್ಲ. ನೆನೆದ ತೆಂಗಿನ ಗರಿಗಳು ರೇಡಿಯೋ ಅಲೆಯನ್ನು ಕುಡಿದುಬಿಡುತ್ತವೆ. ಉದ್ದನೆಯ ಬಿದಿರು ಗಳ ತಂದು, ಹಲಗೆಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಮನೆಯ ಹೆಂಚಿನ ಮೇಲೆ ಒಂದು, ಅಂಗಡಿಯ ತಗಡಿನ ಮೇಲೆ ಒಂದು ಎತ್ತಿ ನಿಲ್ಲಿಸಿದೆ. ನೋಡಿದವರು "ಏನಮ್ಮಾ, ಪಾರಿವಾಳ ಸಾಕ್ತೀಯಾ?" ಎಂದರು. ಅಕ್ಕನ ಕೈಗೆ ಮೋಟಾರ್ ಸ್ಟಾರ್ಟರಿನ ದಪ್ಪ ಬಟನ್ ಕೊಟ್ಟೆ. ಅಂಗೈಯಿಂದ ಗುದ್ದಿದರೂ ಸಾಕು, ಒತ್ತಿಕೊಳ್ಳುತ್ತದೆ.

ಒತ್ತಿದ್ದು ನನಗೆ ಮುಟ್ಟಿತೆಂದು ಅವಳಿಗೂ ತಿಳಿಯಬೇಕಲ್ಲ. ಈ ಮಾಡ್ಯೂಲಿಗೆ ಒಂದು ಗುಣವಿದೆ. ಸುದ್ದಿ ಬಂದ ಕೂಡಲೇ ಅದು ತಾನಾಗಿಯೇ "ಮುಟ್ಟಿತು" ಎಂದು ವಾಪಸು ಹೇಳುತ್ತದೆ. ಯಾರನ್ನೂ ಕೇಳುವುದಿಲ್ಲ, ರೆಪ್ಪೆ ಬಡಿಯುವಷ್ಟರಲ್ಲಿ ಹೇಳಿ ಮುಗಿಸಿರುತ್ತದೆ. ಆ "ಮುಟ್ಟಿತು" ಬಂದರೆ ಮಂಚದ ಪಕ್ಕ ಒಂದು ಹಸಿರು ದೀಪ ಹತ್ತಬೇಕು, ನಾನು ಬಂದು ಆರಿಸುವ ತನಕ ಉರಿಯುತ್ತಿರಬೇಕು ಎಂದು ಬರೆದೆ. ಬುದ್ಧಿವಂತಿಕೆಯ ಕೆಲಸ ಮಾಡಿದೆನೆಂದು ನನಗೇ ನನ್ನ ಬೆನ್ನು ತಟ್ಟಿಕೊಳ್ಳುವ ಹಾಗಾಯಿತು. ಅಕ್ಕನ ಪಕ್ಕ ಕೂತು ಹೇಳಿದೆ.

"ನೋಡಕ್ಕಾ, ನೀನ್ ಒತ್ತಿದ್ರೆ ಅಂಗ್ಡೀಲಿ ಪೀಂ ಅಂತದೆ. ಇಲ್ಲಿ ಈ ದೀಪ ಹತ್ತುತ್ತೆ. ಹತ್ತಿದ್ರೆ ನಾನ್ ಓ ಅಂದೆ ಅಂತ ತಿಳ್ಕೋ."

ಆ ಕೊನೆಯ ಮಾತನ್ನು ನಾನು ಹೇಳಬಾರದಿತ್ತು. ಸುಮ್ಮನೆ ದೀಪ ಎಂದಿದ್ದರೆ ಅವಳಿಗೆ ದೀಪವಾಗಿಯೇ ಇರುತ್ತಿತ್ತು.

ಮೊದಲ ಸಲ ಒತ್ತಿಸಿ ನೋಡಲು ಅಂಗಡಿಗೆ ಓಡಿದೆ. ಪೀಂ ಎಂದಿತು. ವಾಪಸು ಓಡಿ ಬಂದಾಗ ಅಕ್ಕ ಅರ್ಧ ಮುಖದಲ್ಲಿ ನಗುತ್ತಿದ್ದಳು. ಆ ಅರ್ಧದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಡಿಪ್ಲೊಮಾ ಸರ್ಟಿಫಿಕೇಟ್ ಕೈಗೆ ಬಂದ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಇಬ್ಬರೂ ಬೆಲ್ಲದ ಚೂರು ತಿಂದೆವು.

ಮೊದಲ ತಿಂಗಳು ಅವಳು ಕಂಡದ್ದಕ್ಕೆಲ್ಲ ಒತ್ತಿದಳು. ಬೆಕ್ಕು ಬಂತು, ಪೀಂ. ಕಾಗೆ ಕೂಗಿತು, ಪೀಂ. ಕರೆದರೆ ನಾನು ಬರುತ್ತೇನೆಂಬುದೇ ಅವಳಿಗೊಂದು ಆಟ. ಒಂದು ದಿನ ನಾಲ್ಕು ಜನ ಗಿರಾಕಿಗಳನ್ನು ನಿಲ್ಲಿಸಿ ಓಡಿಬಂದರೆ ಕಿಟಕಿಯಾಚೆ ಬಂದ ಕೋತಿಯನ್ನು ತೋರಿಸಿದಳು. ನನ್ನ ಸಿಟ್ಟು ಊರಿಗೇ ಗೊತ್ತು. "ಕೋತಿ ನೋಡಕ್ಕೆ ನಾನ್ ಬರ್ಬೇಕೇನೇ? ಅಲ್ಲಿ ಜನ ಕಾಯ್ತಾವ್ರೆ. ಒಂದ್ಸಲ ಒತ್ತು, ದೀಪ ಹತ್ತಿದ್ಮೇಲೆ ಸುಮ್ನಿರು, ಬತ್ತೀನಿ" ಎಂದು ರೇಗಿದೆ. ಹುಬ್ಬು ಏರಲಿಲ್ಲ. ಮುಖ ಆ ಕಡೆ ತಿರುಗಿಸಿದಳು. ಅವತ್ತಿನಿಂದ ಬೇಕಾದಾಗ ಮಾತ್ರ ಒತ್ತಿದಳು, ಒಂದೇ ಸಲ.

ರಿಪೇರಿಗೆ ಪರವೂರಿಗೆ ಹೋಗುವ ದಿನಗಳಿಗೂ ಒಂದು ಏರ್ಪಾಟು ಮಾಡಿಕೊಂಡಿದ್ದೆವು. ಹೊರಡುವ ಮೊದಲು ಅಂಗಡಿಯ ಪೆಟ್ಟಿಗೆಯ ಸ್ವಿಚ್ ಆರಿಸಿ ಹೋಗುವುದು. ಆಗ ಅವಳು ಒತ್ತಿದರೂ ದೀಪ ಹತ್ತುವುದಿಲ್ಲ. ಹತ್ತದಿದ್ದರೆ ನಾನಿಲ್ಲ ಎಂದು ತಿಳಿದು ಎಡಗೈಯಲ್ಲಿ ಸ್ಟೀಲ್ ಲೋಟ ಹಿಡಿದು ಮಂಚದ ಕಬ್ಬಿಣಕ್ಕೆ ಬಡಿಯುವುದು. ಆ ಸದ್ದಿಗೆ ಪಕ್ಕದ ಮನೆಯ ಚಿಕ್ಕಮ್ಮ ಬರುತ್ತಿದ್ದರು. ನೆಂಟಸ್ತಿಕೆಯ ಚಿಕ್ಕಮ್ಮನಲ್ಲ, ಬೀದಿಗೆಲ್ಲ ಚಿಕ್ಕಮ್ಮ. ಏಳೆಂಟು ಸಲ ಹಾಗೆ ಮಾಡಿ ಏನೂ ತೊಂದರೆಯಾಗಿರಲಿಲ್ಲ.

ಬೇಸಿಗೆ ಶುರುವಾದ ಒಂದು ದಿನ ತರೀಕೆರೆ ಕಡೆಯ ತೋಟದವರೊಬ್ಬರು ಫೋನು ಮಾಡಿದರು. ನಾನೇ ಮಾಡಿಕೊಟ್ಟ ತಂತಿಯಿಲ್ಲದ ಸ್ಟಾರ್ಟರು ಕೈಕೊಟ್ಟಿತ್ತು, ಗಿಡಗಳಿಗೆ ಎರಡು ದಿನದಿಂದ ನೀರಿಲ್ಲ. ಅಕ್ಕನಿಗೆ ತಿಂಡಿ ತಿನ್ನಿಸಿ, ಬಟ್ಟೆ ಬದಲಿಸಿ, ಲೋಟಕ್ಕೆ ನೀರು ತುಂಬಿ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು ಅಂಗಡಿಗೆ ಬಂದೆ. ಪರವೂರಿಗೆ ಹೋಗುತ್ತೇನೆಂದು ಬೇರೆಯಾಗಿ ಹೇಳಲಿಲ್ಲ, ಹತ್ತದ ದೀಪವೇ ಹೇಳುತ್ತದಲ್ಲ. ಚೀಲಕ್ಕೆ ಸಾಮಾನು ತುಂಬುತ್ತಿದ್ದಾಗ ಬಸ್ಸಿನ ಹಾರನ್ ಕೇಳಿತು. ಸಣ್ಣ ಸ್ಕ್ರೂಡ್ರೈವರ್ ಸಿಗಲಿಲ್ಲ. ಆ ಪೆಟ್ಟಿಗೆಯ ಪಕ್ಕದಲ್ಲೇ ನಿಂತು, ಪೆಟ್ಟಿಗೆಯನ್ನೇ ಅತ್ತ ಸರಿಸಿ, ಹಿಂದೆ ಬಿದ್ದಿದ್ದ ಸ್ಕ್ರೂಡ್ರೈವರ್ ಎತ್ತಿಕೊಂಡೆ. ಷಟರ್ ಎಳೆದೆ, ಓಡಿ ಬಸ್ಸು ಹತ್ತಿದೆ. ಸ್ವಿಚ್ ಆರಿಸಲಿಲ್ಲ. ಅದು ನೆನಪಿಗೂ ಬರಲಿಲ್ಲ.

ಅಲ್ಲಿ ತೊಂದರೆ ದೊಡ್ಡದೇನಿರಲಿಲ್ಲ. ಇರುವೆ ಸೇರಿಕೊಂಡು ಒಂದು ತಂತಿ ಬಿಟ್ಟಿತ್ತು. ಸರಿಮಾಡಿ ತೋರಿಸಿದೆ. ಅವರ ಮನೆಯಲ್ಲಿ ಬಟನ್ ಒತ್ತಿದರೆ ಅಲ್ಲೇ ದೀಪ ಹತ್ತಿತು. ತೋಟದ ಯಜಮಾನರು ವಯಸ್ಸಾದವರು, ಸಾವಧಾನದವರು. ದೀಪವನ್ನು ಸ್ವಲ್ಪ ಹೊತ್ತು ನೋಡಿ ಕೇಳಿದರು.

"ದೀಪ ಬಂತು ಅಂದ್ರೆ ನೀರು ಬಂತು ಅಂತಾನೇನಮ್ಮ?"

"ಇಲ್ಲ ಯಜಮಾನ್ರೇ. ದೀಪ ಬಂತು ಅಂದ್ರೆ ಅಲ್ಲಿರೋ ಪೆಟ್ಟಿಗೆಗೆ ಸುದ್ದಿ ಮುಟ್ತು ಅಂತ ಅಷ್ಟೆ. ನೀರು ಬಂತೋ ಇಲ್ವೋ ಪೈಪಿನ ಬಾಯಲ್ಲೇ ನೋಡ್ಬೇಕು."

"ಹಂಗಾರೆ ದೀಪ ನಂಬ್ಕಂಡು ಕೂತ್ರೆ ಗಿಡ ಒಣಗ್ತವೆ ಅನ್ನು."

"ಒಣಗ್ತವೆ ಮತ್ತೆ. ಅದಕ್ಕೇ ಹೋಗಿ ನೋಡ್ಬೇಕು ಅನ್ನೋದು."

ಇಬ್ಬರೂ ನಕ್ಕೆವು. ನನ್ನ ಬಾಯಿಂದಲೇ ಬಂದ ಮಾತು ಇದು. ಆ ಹೊತ್ತಿಗೆ ನನ್ನ ಮನೆಯಲ್ಲಿ ದೀಪ ಹತ್ತಿತ್ತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಬೇರೆಯವರನ್ನು ಆಡಿಕೊಂಡವಳು ನಾನು.

ಊಟ ಮಾಡಿಕೊಂಡೇ ಹೋಗಬೇಕೆಂದು ಅವರು ಬಲವಂತ ಮಾಡಿದರು. ಮಾಡಿದೆ. ತರೀಕೆರೆ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಒಂದು ಬಸ್ಸು ಹೊರಟುಹೋಗಿತ್ತು. ಹೋದರೆ ಹೋಗಲಿ, ಮುಂದಿನದು ಇದೆ ಎಂದು ಹೋಟೆಲಿನಲ್ಲಿ ಕೂತು ಕಾಫಿ ಹೇಳಿದೆ. ಫ್ಯಾನಿನ ಕೆಳಗೆ ಕೂತು ನಿಧಾನವಾಗಿ ಕುಡಿದೆ. ಚೆನ್ನಾಗಿತ್ತು. ಆ ಕಾಫಿ ಚೆನ್ನಾಗಿತ್ತೆಂಬುದು ನನಗಿನ್ನೂ ನೆನಪಿರುವುದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮನೆಗೆ ಬಂದಾಗ ನಾಲ್ಕು ದಾಟಿತ್ತು. ಬಾಗಿಲು ತೆಗೆದ ಕೂಡಲೇ ಮೊದಲು ಕಂಡದ್ದು ಹಸಿರು ದೀಪ. ಅದು ಯಾಕೆ ಉರಿಯುತ್ತಿದೆ ಎಂದು ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅಕ್ಕ ಕಂಡಳು. ಮಗ್ಗುಲಾಗಲು ಹೋಗಿ ಜಾರಿದ್ದಳು. ಸೊಂಟದಿಂದ ಕೆಳಗಿನ ಮೈ ಮಂಚದಿಂದ ಇಳಿಬಿದ್ದಿತ್ತು, ಬಲ ಭುಜ ಮಂಚಕ್ಕೂ ಗೋಡೆಗೂ ನಡುವೆ ಸಿಕ್ಕಿಕೊಂಡಿತ್ತು. ಬಟ್ಟೆ ಒದ್ದೆಯಾಗಿ ಮತ್ತೆ ಒಣಗಿತ್ತು. ಕಿಟಕಿಯ ಬಿಸಿಲು ಮುಖದ ಮೇಲೆ ಹಾದುಹೋಗಿ ಕೆನ್ನೆ ಕೆಂಪಾಗಿತ್ತು. ಎಡಗೈ ಹಾಸಿಗೆಯ ಮೇಲೆ ಆರಾಮಾಗಿ ಬಿದ್ದಿತ್ತು, ಲೋಟದಿಂದ ನಾಲ್ಕು ಬೆರಳು ಈಚೆಗೆ. ಲೋಟದಲ್ಲಿ ನಾನು ಬೆಳಿಗ್ಗೆ ಇಟ್ಟ ನೀರು ಒಂದು ಹನಿ ಚೆಲ್ಲದೆ ಹಾಗೇ ಇತ್ತು. ಬಡಿದಿದ್ದರೆ ಚೆಲ್ಲುತ್ತಿತ್ತು.

ನಾನು ಕಿರುಚಿದ್ದು ಕೇಳಿ ಚಿಕ್ಕಮ್ಮ ಓಡಿಬಂದರು. ಇಬ್ಬರೂ ಸೇರಿ ಎತ್ತಿ ಮಲಗಿಸಿದೆವು. ಅವರು ಬಾಯಿ ಬಡಿದುಕೊಂಡರು.

"ಅಯ್ಯೋ ಶಿವನೇ, ನಾನ್ ಇಲ್ಲೇ ಹಿತ್ಲಾಗೇ ಇದ್ನಲ್ಲೇ! ಬಟ್ಟೆ ಒಗ್ದೆ, ಹಪ್ಳ ಒಣಗಾಕ್ದೆ. ಒಂದ್ ಸದ್ದೂ ಕೇಳ್ಲಿಲ್ಲ ಕಣೇ. ಲೋಟ ಬಡುದ್ರೆ ನಾನ್ ಬರ್ತಿರ್ಲಿಲ್ವೇನೇ?"

ಬರುತ್ತಿದ್ದರು. ಇಪ್ಪತ್ತು ಹೆಜ್ಜೆ ದೂರದಲ್ಲಿದ್ದರು. ಅಕ್ಕನಿಗೂ ಅದು ಗೊತ್ತಿತ್ತು. ಆದರೆ ದೀಪ ಹತ್ತಿತ್ತಲ್ಲ. ತಂಗಿ ಓ ಎಂದಿದ್ದಳು. ಓ ಎಂದ ಮೇಲೆ ಬೇರೆಯವರನ್ನು ಕೂಗುವುದುಂಟೇ?

ಸಂಜೆ ಅಂಗಡಿಗೆ ಹೋಗಿ ಷಟರ್ ಎತ್ತಿದೆ. ಪಕ್ಕದ ಟೀ ಅಂಗಡಿಯವನು, "ಬೆಳಿಗ್ಗೆ ನೀನ್ ಹೋಗಿ ಒಂದ್ ತಾಸಾಗಿತ್ತು ಕಣಕ್ಕಾ, ಒಳಗೆ ಏನೋ ಪೀಂ ಅಂತು. ಯಾವ್ದೋ ರಿಪೇರಿ ಸಾಮಾನು ಅನ್ಕಂಡೆ" ಎಂದ. ಪೆಟ್ಟಿಗೆಯಲ್ಲಿ ಕರೆಗಳನ್ನು ಎಣಿಸುವ ಸಣ್ಣ ಪರದೆಯೊಂದನ್ನು ಹಾಕಿದ್ದೆ. ಅದರಲ್ಲಿ ಆ ದಿನದ ಎಣಿಕೆ ಒಂದು. ಹತ್ತು ಇದ್ದಿದ್ದರೆ, ನೂರು ಇದ್ದಿದ್ದರೆ, ಸಿಟ್ಟಿನಿಂದ ಗುದ್ದಿ ಗುದ್ದಿ ಬಟನ್ನೇ ಮುರಿದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಒಂದೇ ಸಲ ಕರೆದು ಐದು ತಾಸು ಕಾದಿದ್ದಳು. ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಟೀ ಅಂಗಡಿಯವನು ಷಟರನ್ನು ಅರ್ಧ ಇಳಿಸಿ ಹೋದ.

ಆ ಐದು ತಾಸು ಅವಳು ಏನೆಂದುಕೊಂಡಿರಬಹುದು? ಈಗ ಬರುತ್ತಾಳೆ ಎಂದು ಮೊದಲು. ಗಿರಾಕಿ ಇರಬೇಕು ಎಂದು ಆಮೇಲೆ. ಅದಾದ ಮೇಲೆ? ಬೆಕ್ಕು, ಕೋತಿ ಎಂದು ರೇಗಿದವಳು, ಇವತ್ತೂ ಅಂಥದ್ದೇ ಇರಬೇಕೆಂದು ಬೇಕಂತಲೇ ಬರುತ್ತಿಲ್ಲ ಎಂದುಕೊಂಡಳೇ? ನನಗೆ ತಿಳಿಯಬೇಕಾಗಿದ್ದದ್ದು ಇದೊಂದೇ. ಅವಳಿಗೆ ಹೇಳಲು ಬಾಯಿರಲಿಲ್ಲ.

ಮಾರನೆಯ ದಿನ ಎರಡೂ ಪೆಟ್ಟಿಗೆಗಳನ್ನು ಬಿಚ್ಚಿ ಅವಳ ಮುಂದಿಟ್ಟೆ. "ನೋಡಕ್ಕಾ, ಈಗ ನಾನ್ ಏನೂ ಮುಟ್ಟಲ್ಲ. ಕೈ ಕಟ್ಕಂಡು ಕೂತಿದೀನಿ. ನೀನ್ ಒತ್ತು" ಎಂದೆ. ಅವಳು ಕೈ ಎತ್ತಲಿಲ್ಲ. ನಾನೇ ಒತ್ತಿದೆ. ದೀಪ ಹತ್ತಿತು. "ನೋಡ್ದಾ? ಇದು ಓ ಅಂದಿದ್ದು ನಾನಲ್ಲ ಕಣೇ. ಈ ದರಿದ್ರದ್ದು ಅಂದಿದ್ದು. ನಾನ್ ತರೀಕೆರೇಲಿದ್ದೆ. ನಂಗೆ ಕೇಳೇ ಇಲ್ಲ. ಕೇಳಿದ್ರೆ ಬರ್ತಿರ್ಲಿಲ್ವಾ?" ಎಂದು ಅವಳ ಕಾಲು ಹಿಡಿದುಕೊಂಡೆ. ಅಕ್ಕ ದೀಪವನ್ನು ನೋಡಿದಳು, ನನ್ನನ್ನು ನೋಡಿದಳು, ತಲೆಯಾಡಿಸಿದಳು. ಎಡಗೈಯಿಂದ ನನ್ನ ಕಣ್ಣು ಒರೆಸಿದಳು. ತಿಳಿದು ತಲೆಯಾಡಿಸಿದಳೋ, ಚಿಕ್ಕಂದಿನಲ್ಲಿ ನನ್ನ ಅಳು ನಿಲ್ಲಿಸಲು ಎಲ್ಲದಕ್ಕೂ ಹೂಂ ಎನ್ನುತ್ತಿದ್ದಳಲ್ಲ, ಹಾಗೆ ಆಡಿಸಿದಳೋ. ಅದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಪ್ರೋಗ್ರಾಮನ್ನು ಅದೇ ವಾರ ಬದಲಿಸಿದೆ. ಮಾಡ್ಯೂಲು ಏನಾದರೂ ಹೇಳಿಕೊಳ್ಳಲಿ, ದೀಪ ಹತ್ತಬಾರದು. ನಾನು ಅಂಗಡಿಯಲ್ಲಿ ನನ್ನ ಬೆರಳಿನಿಂದ ಇನ್ನೊಂದು ಬಟನ್ ಒತ್ತಿದರೆ ಮಾತ್ರ ಹತ್ತಬೇಕು. ಹತ್ತು ಸಾಲಿನ ಕೆಲಸ, ಅರ್ಧ ಗಂಟೆ ಹಿಡಿಯಲಿಲ್ಲ. ಮೊದಲೇ ಹೊಳೆದಿದ್ದರೆ ಆಗಲೂ ಅರ್ಧ ಗಂಟೆಯೇ. ವಿಷಯ ತಿಳಿದ ನೆಂಟರು ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದರು. ಆ ಗಾದೆ ಮಾಡಿದವನಿಗೆ ಅಕ್ಕ ಇರಲಿಲ್ಲವೆಂದು ಕಾಣುತ್ತದೆ.

ಹೊಸ ಏರ್ಪಾಟನ್ನು ಅಕ್ಕನಿಗೆ ವಿವರಿಸಿದೆ. ಕೇಳಿಸಿಕೊಂಡಳು. ಅಂಗಡಿಗೆ ಹೋಗಿ ಕಾದೆ. ಒಂದು ದಿನ, ಎರಡು ದಿನ, ಒಂದು ವಾರ. ಪೀಂ ಎನ್ನಲಿಲ್ಲ. ಮನೆಗೆ ಬಂದು ನೋಡಿದರೆ ಬಾಯಾರಿರುತ್ತಿತ್ತು, ಹೊದಿಕೆ ಬಿದ್ದಿರುತ್ತಿತ್ತು. "ಯಾಕೆ ಒತ್ಲಿಲ್ಲ?" ಎಂದರೆ ಕಣ್ಣು ಕೆಳಗೆ ಮಾಡುತ್ತಿದ್ದಳು. ಅವಳ ಕೈ ಹಿಡಿದು ಬಟನ್ನಿನ ಮೇಲೆ ಇಟ್ಟರೆ ಬೆರಳು ಮಡಚಿಕೊಳ್ಳುತ್ತಿದ್ದಳು. ಬೈದೆ, ಅತ್ತೆ, ದೇವರ ಆಣೆ ಹಾಕಿದೆ. ಜಗ್ಗಲಿಲ್ಲ. ಮೊದಲೆಲ್ಲ ನಾನು ಕೋಣೆಯಲ್ಲಿದ್ದಾಗ "ಅಂ" ಎಂದು ಕರೆಯುತ್ತಿದ್ದಳು. ಅದನ್ನೂ ನಿಲ್ಲಿಸಿದಳು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ನನಗೆ ಗೊತ್ತಾಗುತ್ತಿತ್ತು, ಅವಳ ಸಿಟ್ಟನ್ನು ನಾನು ಐವತ್ತು ವರ್ಷ ಉಂಡವಳು. ಮುಖದಲ್ಲಿ ನನ್ನ ಮೇಲೆ ಅದೇ ಅಕ್ಕರೆ ಇತ್ತು. ಕರೆಯುವುದನ್ನು ಮಾತ್ರ ಬಿಟ್ಟಿದ್ದಳು. ಕರೆಯದಿದ್ದರೆ ನನ್ನ ಓ ಸುಳ್ಳಾಗುವುದಿಲ್ಲ ಎಂದುಕೊಂಡಳೋ ಏನೋ.

ಅವತ್ತು ಗೋಡೆಗೆ ಒತ್ತಿಕೊಂಡ ಜಾಗದಲ್ಲಿ ಹುಣ್ಣಾಯಿತು. ಹಾಸಿಗೆ ಹುಣ್ಣು, ಮಾಯುವುದು ಕಷ್ಟ ಎಂದರು ಡಾಕ್ಟರು. ಎಂಟು ತಿಂಗಳು ಇದ್ದಳು. ಬೆಳಗಿನ ಹೊತ್ತು, ನಾನು ಪಕ್ಕದಲ್ಲೇ ಇದ್ದಾಗ ಹೋದಳು. ಯಗಟಿಯ ಹೊಲದಲ್ಲೇ ಮಣ್ಣು ಮಾಡಿದೆವು.

ಅವಳು ಹೋದ ದಿನಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಅದಕ್ಕೆ ತಿಂಗಳ ಹಿಂದಿನ ಒಂದು ಮಧ್ಯಾಹ್ನ. ಅಷ್ಟೊತ್ತಿಗೆ ನಾನು ಅಂಗಡಿಯ ಮೇಜನ್ನೇ ಎತ್ತಿ ತಂದು ಅವಳ ಮಂಚದ ಪಕ್ಕ ಹಾಕಿದ್ದೆ. ಗಿರಾಕಿಗಳು ಮನೆಗೇ ಬರುತ್ತಿದ್ದರು. ಇನ್ನು ಯಾವ ರೇಡಿಯೋವೂ ಬೇಡ, ಕೈ ಚಾಚಿದರೆ ಸಿಗುತ್ತೇನೆ ಎಂದುಕೊಂಡಿದ್ದೆ. ಅವತ್ತು ಚೌಳಹಿರಿಯೂರಿನ ಒಬ್ಬರಿಗೆ ಪೆಟ್ಟಿಗೆ ಮಾಡಿಕೊಡಬೇಕಿತ್ತು. ಅವಳಿಗೆ ಬೆನ್ನು ಹಾಕಿ ಕೂತು, ಎರಡು ಮಾಡ್ಯೂಲುಗಳನ್ನು ಎದುರು ಬದುರು ಇಟ್ಟು ಪರೀಕ್ಷೆ ಮಾಡುತ್ತಿದ್ದೆ. ಒಂದು ಕಳಿಸುತ್ತಿತ್ತು, ಇನ್ನೊಂದು ಮುಟ್ಟಿತು, ಮುಟ್ಟಿತು ಎನ್ನುತ್ತಿತ್ತು. ಲೆಕ್ಕ ತಪ್ಪದಂತೆ ಬರೆದುಕೊಳ್ಳುತ್ತಾ ಕೂತವಳಿಗೆ ಹೊತ್ತು ಹೋದದ್ದು ತಿಳಿಯಲಿಲ್ಲ.

ಕೆಳಗೆ ಬಿದ್ದ ಪೆನ್ನು ಎತ್ತಿಕೊಳ್ಳಲು ತಿರುಗಿದೆ. ಅಕ್ಕನ ತುಟಿ ಒಣಗಿ ಬಿರಿದಿತ್ತು. ನೀರಿನ ಚೊಂಬು ನನ್ನ ಮೇಜಿನ ಮೇಲೇ ಉಳಿದಿತ್ತು, ನಾನೇ ಮರೆತು ಇಟ್ಟಿದ್ದೆ. ಅವಳ ಎಡಗೈ ಮಂಚದ ಅಂಚು ದಾಟಿ ನನ್ನ ಕಡೆ ಚಾಚಿಕೊಂಡಿತ್ತು. ನನ್ನ ಬೆನ್ನಿಗೆ ಒಂದು ಗೇಣು ಈಚೆ ನಿಂತಿತ್ತು. ಇನ್ನೊಂದು ಗೇಣು ಚಾಚಿ ಮುಟ್ಟಿದ್ದರೆ ಆಗುತ್ತಿತ್ತು, "ಅಂ" ಎಂದಿದ್ದರೂ ಆಗುತ್ತಿತ್ತು. ನಾನು ತಿರುಗಿ ನೋಡಿದ ಕೂಡಲೇ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು.

"ಎಷ್ಟೊತ್ತಾಯ್ತಕ್ಕಾ?" ಎಂದೆ. ಅವಳು ಚೊಂಬಿನ ಕಡೆ ನೋಡಿದಳು. ಎತ್ತಿ ಕುಡಿಸಿದೆ. ಇಡೀ ಚೊಂಬು ನೀರನ್ನು ಒಂದೇ ಉಸಿರಿಗೆ ಕುಡಿದಳು.